ಬೀದಿ ಪರದೆಯ ಕೆಳಗಿನ ಕಡಲು

ನಾಟಕದ ಪರದೆಗಳ ಮೇಲೆ ನಾನು ಸಮುದ್ರವನ್ನು ಎಷ್ಟೋ ಸಲ ಬರೆದಿದ್ದೆ. ಕಣ್ಣಿನಿಂದ ಒಮ್ಮೆಯೂ ನೋಡಿರಲಿಲ್ಲ. ನೋಡಬೇಕೆಂದು ಯಾರೂ ಕೇಳಿರಲೂ ಇಲ್ಲ. ಸಾಲುಸಾಲಾಗಿ ಮೀನಿನ ಪೊರೆಯಂತೆ ತೆರೆ ಹೊಡೆದು ಮೇಲೊಂದು ಚಂದ್ರ ಇಟ್ಟರೆ ಕಂಪನಿ ಮಾಲಕರು ತಲೆಯಾಡಿಸುತ್ತಿದ್ದರು. ಹಾಗಾಗಿ ಬಳ್ಳಾರಿಯ ಚರ್ಚಿನ ಫಾದರ್ ಒಂದು ದಿನ ಬ್ರೂಸ್‌ಪೇಟೆಯ ನನ್ನ ಅಂಗಡಿಗೆ ಬಂದು, ಕಡಲಿನ ಚಿತ್ರ ಬರೆಯಲು ಆಗುತ್ತದೆಯೇ ಎಂದಾಗ, ಆಗುತ್ತದೆ ಎಂದು ಯೋಚನೆ ಮಾಡದೆಯೇ ಹೇಳಿದೆ. ಅರವತ್ತರ ದಶಕದ ಕೊನೆಯ ಮಾತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಕುಂಚದ ಕೆಲಸದಲ್ಲಿ ನಾನು ಯಾರಿಗೂ ಆಗುವುದಿಲ್ಲ ಎಂದವನಲ್ಲ.

ಫಾದರ್ ಮಂಗಳೂರು ಕಡೆಯವರು, ವಯಸ್ಸಾದವರು. ಹಳೆಯ ಪುಸ್ತಕದಿಂದ ಬಿಡಿಸಿದ ಹಾಳೆಯೊಂದನ್ನು ಮೇಜಿನ ಮೇಲೆ ಬಿಚ್ಚಿದರು. ಹಾಲೆಂಡ್ ದೇಶದ ಚಿತ್ರಗಾರನೊಬ್ಬ ಮುನ್ನೂರು ವರ್ಷಗಳ ಹಿಂದೆ ಬರೆದದ್ದಂತೆ, ದೊಡ್ಡ ಹೆಸರಿನ ಚಿತ್ರ. ಒಂದು ದೋಣಿ. ಎಡಗಡೆಯಿಂದ ಎದ್ದ ತೆರೆ ಅದರ ಮೂತಿಯನ್ನು ಮುಗಿಲಿಗೆ ಎತ್ತಿ ಹಿಡಿದಿದೆ. ಹಾಯಿ ಹರಿದು ಹಾರುತ್ತಿದೆ. ಆ ಕಡೆಗೆ ಮಾತ್ರ ಸ್ವಲ್ಪ ಬೆಳಕು, ಉಳಿದದ್ದೆಲ್ಲ ಕತ್ತಲೆ. ಕೆಲವರು ಹಗ್ಗ ಜಗ್ಗುತ್ತಿದ್ದಾರೆ, ಒಬ್ಬ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿಕೊಳ್ಳುತ್ತಿದ್ದಾನೆ, ಕತ್ತಲೆಯಲ್ಲಿ ಮಲಗಿದ್ದ ಯೇಸುವನ್ನು ಇಬ್ಬರು ಎಬ್ಬಿಸುತ್ತಿದ್ದಾರೆ. ನಡುವೆ ಒಬ್ಬನಿದ್ದಾನೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಿಂದ ತಲೆಯ ಟೊಪ್ಪಿಗೆ ಒತ್ತಿ ಹಿಡಿದು, ಬಿರುಗಾಳಿ ಬಿಟ್ಟು ನೇರ ನಮ್ಮನ್ನು ನೋಡುತ್ತಿದ್ದಾನೆ.

ಯೇಸು ಮತ್ತು ಶಿಷ್ಯರು ಸೇರಿ ಹದಿಮೂರು ಮಂದಿ, ಆದರೆ ದೋಣಿಯಲ್ಲಿ ಹದಿನಾಲ್ಕು ತಲೆ ಇವೆ ಎಂದು ಫಾದರ್ ಬೆರಳಿಟ್ಟು ತೋರಿಸಿದರು. ನಮ್ಮನ್ನು ನೋಡುತ್ತಿರುವವನು ಆ ಚಿತ್ರಗಾರನೇ ಅಂತೆ. ತನ್ನ ಮುಖವನ್ನೇ ಇಟ್ಟುಕೊಂಡಿದ್ದಾನೆ. "ಅಲ್ಲಿ ಬೇಕಾದರೆ ನಿಮ್ಮ ಮುಖ ಹಾಕಿಕೊಳ್ಳಿ ಮಾರಾಯ್ರೆ, ಹೆಸರು ಮಾತ್ರ ಕೆಳಗೆ ಬರೆಯಬೇಡಿ" ಎಂದು ನಕ್ಕರು. ಪರದೆಯ ಬಲಮೂಲೆಯಲ್ಲಿ ಹೆಸರು ಬರೆಯದೆ ನಾನು ಕೆಲಸ ಕೊಟ್ಟವನಲ್ಲ. ಆದರೂ ಒಪ್ಪಿದೆ. ಹೆಸರಿಗಿಂತ ಮುಖ ದೊಡ್ಡದು ಅನ್ನಿಸಿತು.

ಚರ್ಚಿನ ಹಿಂದಿನ ಗೋಡೆಗೆ ಬಡಗಿಯಿಂದ ತೇಗದ ಚೌಕಟ್ಟು ಮಾಡಿಸಿದರು. ಎರಡು ಆಳೆತ್ತರ, ಅದಕ್ಕಿಂತ ತುಸು ಹೆಚ್ಚು ಅಗಲ. ನಾನು ನನಗೆ ಗೊತ್ತಿದ್ದ ದಾರಿಯಲ್ಲೇ ಹೋದೆ. ಮಾದರಪಾಟು ಎಂಬ ದಪ್ಪ ಹತ್ತಿಬಟ್ಟೆಯನ್ನು ನನ್ನ ಹೆಂಡತಿ ಕೆಂಪು ದಾರದಲ್ಲಿ ಜೋಡುಹೊಲಿಗೆ ಹಾಕಿ ಕೂಡಿಸಿದಳು. ಬಿಳಿ ದಾರ ಮುಗಿದಿತ್ತು, ಬಣ್ಣದ ಕೆಳಗೆ ಯಾರು ನೋಡುತ್ತಾರೆ ಎಂದಳು. ಹುಣಸೆಬೀಜದ ಗಂಜಿ ಕಾಯಿಸಿ ಬಟ್ಟೆಗೆ ಎರಡು ಸಲ ಬಳಿದು ಒಣಗಿಸಿದೆ. ಹಾಳೆಯ ಮೇಲೆ ಸಣ್ಣ ಚೌಕಗಳು, ಬಟ್ಟೆಯ ಮೇಲೆ ನೀಲಿಯಲ್ಲಿ ಅದ್ದಿದ ದಾರದಿಂದ ದೊಡ್ಡ ಚೌಕಗಳು. ಬಣ್ಣದ ಪುಡಿಗೆ ಸರೇಸು, ಅಂದರೆ ಚರ್ಮ ಕುದಿಸಿ ಮಾಡಿದ ಅಂಟು, ಬೆರೆಸಿ ಬರೆಯುವುದು ಪರದೆಯವರ ರೀತಿ. ಅದು ನೀರಿನ ಬಣ್ಣ, ಒಣಗಿದ ಮೇಲೆ ಹೊಳೆಯುವುದಿಲ್ಲ, ಎಲ್ಲಿ ನಿಂತು ನೋಡಿದರೂ ಮುಖ ಕಾಣುತ್ತದೆ. ಇನ್ನೊಂದು ರೂಢಿಯನ್ನೂ ಬಿಡಲಿಲ್ಲ. ಚಿತ್ರವನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೂಡಿಸದೆ, ಅಂಚಿಗೆ ತೂತು ಮಾಡಿ ದಾರ ಹೆಣೆದು ಕಟ್ಟುವಂತೆ ಮಾಡಿದೆ. ಸುಣ್ಣ ಬಳಿಯುವಾಗ ಬಿಚ್ಚಿ ಗಳಕ್ಕೆ ಸುತ್ತಿಟ್ಟರೆ ಚಿತ್ರ ಉಳಿಯುತ್ತದೆ ಎಂದು ಫಾದರ್‌ಗೆ ತಿಳಿಸಿ ಹೇಳಿದೆ. ಅವರಿಗೂ ಅದು ಜಾಣತನ ಎನಿಸಿತು.

ಕಡಲು ಮುಗಿದ ದಿನ ಅವರು ನೋಡಲು ಬಂದರು. ನೀಲಿ ತೆರೆ, ಪೊರೆ ಪೊರೆಯಾಗಿ, ಅಂದವಾಗಿಯೇ ಇತ್ತು. ಫಾದರ್ ಹತ್ತಿರ ಬಾಗಿ ನೋಡಿದರು.

"ನೀವು ಸಮುದ್ರ ನೋಡಿದ್ದೀರಾ?"

ಇಲ್ಲವೆಂದೆ.

"ಈ ನೀರಿನಲ್ಲಿ ಯಾರೂ ಮುಳುಗುವುದಿಲ್ಲ."

ಮೆಲ್ಲಗೆ ಹೇಳಿದರು, ಬೈದದ್ದಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಹೋದ ಮೇಲೆ ಬಟ್ಟೆಯನ್ನು ಗೋಡೆಯ ಕಡೆ ತಿರುಗಿಸಿಟ್ಟು, ಲಾರಿಗಳ ಹಿಂಬದಿ ಬರೆಯುವ ಕೆಲಸಕ್ಕೆ ಕೂತೆ. ಹೆಂಡತಿ ಊಟಕ್ಕೆ ಕರೆದರೂ ಸಿಡುಕಿದೆ. ಕಡೆಗೆ ಅವಳೇ ಹೇಳಿದಳು, "ಮಂಗಳೂರಿಗಿ ಹೋಗಾಕ ಆಗದಿದ್ರ ಸಿರುಗುಪ್ಪಕ್ಕರ ಹೋಗ್ರಿ. ಡ್ಯಾಮಿನ ಬಾಗಲ ತೆಗದಾರಂತ. ನೀರು ನೀರೇ ಅಲ್ಲೇನ್ರಿ?"

ಸಿರುಗುಪ್ಪದ ಆಚೆ, ತುಂಗಭದ್ರೆಯ ದಂಡೆಗೆ ಹೋದಾಗ ಮಳೆ ಹನಿಯುತ್ತಿತ್ತು. ಹೊಳೆ ಗದ್ದೆಗಳವರೆಗೆ ಬಂದಿತ್ತು. ಹರಗೋಲು ಹಾಕುವ ಅಂಬಿಗ ತನ್ನ ಚರ್ಮದ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದ. ನನ್ನ ವಯಸ್ಸಿನವನೇ. ನೀರಿನ ಮೇಲೆ ಹೋಗಬೇಕು, ಚಿತ್ರ ಬರೆಯಲಿಕ್ಕೆ ಎಂದೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಈಸು ಬರತೈತೇನ್ರಿ?"

"ಇಲ್ಲ."

"ಮತ್ತ ಸಾಯಾಕ ಬಳ್ಳಾರಿಯಾಗ ಜಾಗ ಸಿಗಲಿಲ್ಲೇನು?"

ಎರಡು ದಿನ ಹೋದರೂ ಒಪ್ಪಲಿಲ್ಲ. ನಾನೂ ಎದ್ದು ಬರಲಿಲ್ಲ. ದಂಡೆಯಲ್ಲಿ ಕೂತು ನೀರು ನೋಡಿದೆ. ಅವನ ಹೆಂಡತಿ ಬುತ್ತಿ ತಂದಾಗ ನನಗೂ ರೊಟ್ಟಿ ಕೊಟ್ಟಳು. ಅವಳೇ ಗಂಡನಿಗೆ, ಇವರು ಹೋಗುವ ಪೈಕಿ ಕಾಣುವುದಿಲ್ಲ, ಒಂದು ಸಲ ತೋರಿಸಿ ಕಳಿಸು ಎಂದಳು. ಹರಗೋಲಿಗೆ ಉದ್ದನೆಯ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ದಂಡೆಯ ಜಾಲಿಮರಕ್ಕೆ ಬಿಗಿದು, ಸೆಳವಿನ ಅಂಚಿನವರೆಗೆ ಮಾತ್ರ ಬಿಡುತ್ತೇನೆ ಎಂದ.

ಚಿತ್ರಕ್ಕಾಗಿ ಹೋದವನು ನಾನು, ಆದರೆ ಸೆಳವು ತಾಗಿದ ಕೂಡಲೇ ಬುಟ್ಟಿಯ ತಳದಲ್ಲಿ ಅಂಗಾತ ಬಿದ್ದೆ. ಏಳಲು ಆಗಲಿಲ್ಲ. ನೀರು ನನ್ನ ತಲೆಗಿಂತ ಎತ್ತರದಲ್ಲಿ ಹೋಗುತ್ತಿತ್ತು. ಅದು ನೀಲಿ ಇರಲಿಲ್ಲ. ಎರೆಮಣ್ಣು ಕಲಸಿದ ಕಪ್ಪು, ಅದರ ಬೆನ್ನಿನ ಮೇಲೆ ಎಣ್ಣೆ ಸವರಿದಂಥ ಹೊಳಪು, ಅಂಚಿಗೆ ಹೊಲಸು ನೊರೆ. ತೆರೆಗಳು ಸಾಲಾಗಿ ಬರುತ್ತಿರಲಿಲ್ಲ, ಒಂದರ ಹೊಟ್ಟೆಯೊಳಗೆ ಇನ್ನೊಂದು ಹೊಗುತ್ತಿತ್ತು. ತಲೆ ಎತ್ತಿ ನೋಡಿದರೆ ಅಂಬಿಗ ನಿಂತಿದ್ದ. ಒಂದು ಕೈಯಲ್ಲಿ ಹಗ್ಗ. ಗಾಳಿಗೆ ಟವೆಲ್ ಹಾರದ ಹಾಗೆ ಇನ್ನೊಂದು ಕೈ ತಲೆಯ ಮೇಲೆ. ಹೊಳೆಯನ್ನು ನೋಡುತ್ತಿರಲಿಲ್ಲ, ನಾನು ಎದ್ದು ಬುಟ್ಟಿ ಮಗುಚಿಬಿಟ್ಟೇನೆಂದು ನನ್ನನ್ನೇ ನೋಡುತ್ತಿದ್ದ.

ಫಾದರ್ ಕೊಟ್ಟ ಹಾಳೆಯಲ್ಲಿದ್ದ ಹದಿನಾಲ್ಕನೆಯವನು ಅಲ್ಲಿ ನಿಂತಿದ್ದ. ನನ್ನ ಮುಖಕ್ಕೆ ಆ ದೋಣಿಯಲ್ಲಿ ಜಾಗವಿಲ್ಲವೆಂದು ಬುಟ್ಟಿಯ ತಳದಲ್ಲಿ ಬಿದ್ದುಕೊಂಡೇ ತಿಳಿದೆ.

ದಂಡೆಗೆ ಬಂದ ಮೇಲೆ ಅವನನ್ನು ಮರದ ಕೆಳಗೆ ನಿಲ್ಲಿಸಿ ಇದ್ದಿಲಿನಿಂದ ಬರೆದುಕೊಂಡೆ. ಎಡ ಹುಬ್ಬು ಅರ್ಧಕ್ಕೆ ನಿಂತಿತ್ತು, ಹಳೆಯ ಗಾಯ. ಮೇಲಿನ ತುಟಿ ಒಂದು ಬದಿಗೆ ಎದ್ದು, ಬೈಯುವ ಮುಂಚೆ ನಗುವಂತೆ ಕಾಣುತ್ತಿತ್ತು.

ಬಳ್ಳಾರಿಗೆ ಬಂದು ಕಡಲನ್ನು ಪೂರ್ತಿ ಅಳಿಸಿದೆ. ಆ ಎಣ್ಣೆಹೊಳಪು ಸರೇಸಿನ ಬಣ್ಣಕ್ಕೆ ಬರುವುದಿಲ್ಲ. ಅದಕ್ಕೇ ನೀರನ್ನು ಮಾತ್ರ ಅಗಸೆ ಎಣ್ಣೆಯ ಬಣ್ಣದಲ್ಲಿ ಬರೆದು ಮೇಲೆ ವಾರ್ನಿಷ್ ಕೊಟ್ಟೆ. ಮನುಷ್ಯರನ್ನು ಸರೇಸಿನಲ್ಲೇ ಬಿಟ್ಟೆ. ಎಣ್ಣೆಯಲ್ಲಿ ಬರೆದರೆ ಚರ್ಚಿನ ಕಿಟಕಿಯ ಬೆಳಕಿಗೆ ಮುಖಗಳು ಕನ್ನಡಿಯಂತಾಗಿ ಏನೂ ಕಾಣುತ್ತಿರಲಿಲ್ಲ. ಒಂದೇ ಬಟ್ಟೆಯ ಮೇಲೆ ಎರಡು ರೀತಿ ಕೂಡಿಸುವುದನ್ನು ನಮ್ಮವರು ಯಾರೂ ಮಾಡುತ್ತಿರಲಿಲ್ಲ. ನಾನು ಮಾಡಿದೆ, ಚೆನ್ನಾಗಿಯೇ ಕೂಡಿತು. ಫಾದರ್ ಮತ್ತೆ ನೋಡಲು ಬಂದರು. ಬೆಂಚಿನ ಮೇಲೆ ಕೂತು ಕನ್ನಡಕ ತೆಗೆದು ಒರೆಸಿಕೊಂಡರು.

ಅಂಬಿಗ ಮುಂದೊಂದು ದಿನ ಹೆಂಡತಿಯನ್ನು ಬಳ್ಳಾರಿಯ ಆಸ್ಪತ್ರೆಗೆ ತೋರಿಸಲು ಬಂದವನು ಚಿತ್ರ ನೋಡಲು ಬಂದ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಗೋಡೆಯ ಕೆಳಗೆ ನಿಂತು, ಮೊದಲು ದೋಣಿಯನ್ನು ಪರೀಕ್ಷೆ ಮಾಡಿದ.

"ನನ್ನ ಕೈಯಾಗ ಹಗ್ಗ ಕೊಟ್ಟೀರಿ. ಹುಟ್ಟು ಯಾವನ ಕೈಯಾಗ ಕೊಟ್ಟೀರಿ? ಅವ ಮುಳುಗಿಸ್ತಾನ ನೋಡ್ರಿ."

ಮೂಲೆಯಲ್ಲಿ ಮಲಗಿದವರು ಯಾರು ಎಂದು ಕೇಳಿದ. ಯೇಸುಸ್ವಾಮಿ ಎಂದೆ. ಇಂಥ ಹೊಳೆಯಲ್ಲಿ ನಿದ್ದೆ ಬಂದಿದೆ ಎಂದರೆ ದೊಡ್ಡ ದೇವರೇ ಇರಬೇಕು ಎಂದ. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಆದರೆ ಕಣ್ಣು ಮಾತ್ರ ಗಂಡನ ಚಿತ್ರದ ಮೇಲೆ ಇತ್ತು. "ಟೊಪ್ಪಿಗಿ ಚೊಲೋ ಕಾಣತೈತಿ" ಎಂದಳು.

ಮುಂದಿನ ಮಳೆಗಾಲಕ್ಕೆ ಹೊಳೆ ಅವನನ್ನು ತೆಗೆದುಕೊಂಡಿತು. ಆಚೆ ದಂಡೆಯ ಬಸುರಿ ಹೆಂಗಸನ್ನು ಕರೆತರಲು ಹೋದವನಂತೆ. ಹರಗೋಲು ಸಿಕ್ಕಿತು, ಹೆಣ ಸಿಗಲಿಲ್ಲ.

ಮಹಾಲಯ ಅಮಾವಾಸ್ಯೆ ನಮ್ಮ ಕಡೆ ಹಿರಿಯರಿಗೆ ಎಡೆ ಹಿಡಿಯುವ ದಿನ. ತೀರಿಹೋದವರಿಗೆ ಇಷ್ಟವಾದದ್ದನ್ನು ಮಾಡಿ, ಎಲೆಯಲ್ಲಿ ಬಡಿಸಿ, ಅವರ ಫೋಟೋದ ಮುಂದಿಟ್ಟು ಕೈಮುಗಿಯುತ್ತಾರೆ. ಆ ವರ್ಷ ಅಂಬಿಗನ ಹೆಂಡತಿ ಬುಟ್ಟಿ ಹೊತ್ತು ನನ್ನ ಅಂಗಡಿಗೆ ಬಂದಳು. ಗಂಡನ ಫೋಟೋ ಒಂದೂ ಇಲ್ಲ, ಮಣ್ಣು ಕೊಟ್ಟ ಜಾಗವೂ ಇಲ್ಲ. "ಅವರ ಮುಖ ಅಂತ ಇರೋದು ಅಲ್ಲೊಂದೇ ಅಣ್ಣಾರ" ಎಂದಳು. ಚರ್ಚಿಗೆ ಕರೆದುಕೊಂಡು ಹೋದೆ. ಅಲ್ಲಿಯ ಹಿರಿಯರೊಬ್ಬರು ಇದು ಗುಡಿಯಲ್ಲ ಎಂದು ಅಡ್ಡ ನಿಂತರು. ಅದು ತಪ್ಪು ಮಾತೂ ಅಲ್ಲ. ಫಾದರ್ ಹೊರಗೆ ಬಂದು ಕೇಳಿಸಿಕೊಂಡು, "ನನಗೆ ಈಗ ಒಳಗೆ ಸ್ವಲ್ಪ ಓದುವುದು ಉಂಟು, ಏನು ನಡೆದರೂ ನನಗೆ ಕಾಣುವುದಿಲ್ಲ" ಎಂದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವಳು ಜೋಳದ ರೊಟ್ಟಿ, ಮೀನಿನ ಸಾರು ಎಡೆ ಇಟ್ಟು, ಮೇಲೆ ನೋಡಿ ಏನೋ ಹೇಳಿಕೊಂಡಳು. ಆಮೇಲೆ ಪ್ರತಿ ವರ್ಷ ಆ ಅಮಾವಾಸ್ಯೆಗೆ ಬಂದಳು, ಪ್ರತಿ ಸಲ ಫಾದರ್‌ಗೆ ಓದುವುದಿತ್ತು.

ಕೆಲವು ವರ್ಷ ಕಳೆದು ಚರ್ಚಿಗೆ ಸುಣ್ಣ ಬಳಿಸಿದರು. ನಾನು ಹೇಳಿಕೊಟ್ಟಿದ್ದಂತೆಯೇ ಚಿತ್ರವನ್ನು ಬಿಚ್ಚಿ, ಗಳಕ್ಕೆ ಸುತ್ತಿ ಪಡಸಾಲೆಯಲ್ಲಿಟ್ಟಿದ್ದರು. ಹಾಡುಹಗಲೇ ಅದು ಹೋಯಿತು. ಸುತ್ತಿದ ಬಟ್ಟೆಯನ್ನು ಹೆಗಲ ಮೇಲೆ ಹೊತ್ತು ಇಬ್ಬರು ಹೋದದ್ದನ್ನು ಕಂಡವರಿದ್ದರು. ಮದುವೆಯ ಶಾಮಿಯಾನ ಎಂದುಕೊಂಡರಂತೆ. ಪೊಲೀಸರು ಮೊದಲು ಕರೆದದ್ದು ನನ್ನನ್ನು. ಬಿಚ್ಚುವ ರೀತಿ ಗೊತ್ತಿದ್ದವನು ನಾನೇ ತಾನೆ? ಠಾಣೆಯ ಬೆಂಚಿನ ಮೇಲೆ ಬೆಳಗಿನಿಂದ ಕೂರಿಸಿದರು. ನನ್ನ ಕೈಯ ಕೆಲಸವನ್ನು ನಾನೇ ಕದಿಯುತ್ತೇನೆಯೇ ಎಂದು ಕೇಳಿದೆ, ಅಲ್ಲಿ ಯಾರಿಗೂ ಅದು ಉತ್ತರವಾಗಿ ಕಾಣಲಿಲ್ಲ. ಫಾದರ್ ಬಂದು ಬಿಡಿಸಿಕೊಂಡು ಹೋದರು.

ಆ ವರ್ಷದ ಅಮಾವಾಸ್ಯೆಗೆ ಅವಳು ಬಂದಾಗ ಗೋಡೆಯ ಮೇಲೆ ಬರೀ ತೇಗದ ಚೌಕಟ್ಟಿತ್ತು. ಅದರೊಳಗೆ ಹೊಸ ಸುಣ್ಣ. ಅವಳು ಬುಟ್ಟಿಯನ್ನು ಕೆಳಗಿಳಿಸಲೇ ಇಲ್ಲ. ನಾನು ಅಂಗಡಿಗೆ ಕರೆತಂದು, ಕಾಗದದ ಮೇಲೆ ಇದ್ದಿಲಿನಿಂದ ಅವನ ಮುಖ ಬರೆಯಲು ನೋಡಿದೆ. ಹೊಳೆದಂಡೆಯಲ್ಲಿ ಬರೆದುಕೊಂಡಿದ್ದ ಹಳೆಯ ಕಾಗದ ಗೆದ್ದಲಿಗೆ ಹೋಗಿತ್ತು. ಹುಬ್ಬು ಸರಿಯಾಗಿಯೇ ಬಂತು, ತುಟಿಯೂ ಬಂತು ಎಂದುಕೊಂಡೆ. ಅವಳು ಬೆಳಕಿಗೆ ಹಿಡಿದು ನೋಡಿದಳು.

"ಇವರು ಬ್ಯಾರೆ ಯಾರೋ ಅಣ್ಣಾರ."

ಕುಂಚ ಹಿಡಿದಾಗಿನಿಂದ ಯಾರೂ ನನ್ನ ಕೆಲಸಕ್ಕೆ ಅಂಥ ಮಾತು ಹೇಳಿರಲಿಲ್ಲ. ಅವಳು ಎಡೆಯನ್ನು ಹಾಗೆಯೇ ಹೊತ್ತುಕೊಂಡು ಬಸ್ಸು ಹತ್ತಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಕುರುಗೋಡಿನಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯಿಂದ ಕರೆ ಬಂತು. ಬೀದಿ ಸೀನಿನ ಪರದೆ ಹೊಪ್ಪಳೆ ಏಳುತ್ತಿದೆ, ದುರಸ್ತಿ ಮಾಡಿಕೊಡಬೇಕೆಂದು. ಬಣ್ಣದ ಪೆಟ್ಟಿಗೆ ಹಿಡಿದು ಹೋದೆ. ತಗಡಿನ ಥಿಯೇಟರಿನಲ್ಲಿ ಪರದೆ ಇಳಿಬಿಟ್ಟಿದ್ದರು. ಎರಡೂ ಬದಿಗೆ ಅಂಗಡಿ, ಮಹಡಿ ಮನೆಗಳು, ದೀಪದ ಕಂಬ. ಒರಟು ಕೆಲಸ. ಮೇಲೆಲ್ಲ ಗಟ್ಟಿಯಾಗಿತ್ತು, ಕೆಳಗೆ ಮತ್ತು ಎಡಗಡೆ ಬಣ್ಣ ಒಣಗಿದ ಕೆರೆಯ ತಳದಂತೆ ಬಿರಿದು ಉದುರುತ್ತಿತ್ತು. ಉದುರಿದ ಕಡೆ ಕೆಳಗಿನಿಂದ ಕಪ್ಪು ಹೊಳಪು ಕಾಣುತ್ತಿತ್ತು.

ಎಣ್ಣೆಯ ಮೇಲೆ ಸರೇಸಿನ ಬಣ್ಣ ನಿಲ್ಲುವುದಿಲ್ಲ. ಪರದೆಯ ಹಿಂದೆ ಹೋದೆ. ಅಗಲ ಮಾಡಲು ಎರಡೂ ಬದಿಗೆ ಬೇರೆ ಬಟ್ಟೆ ಕೂಡಿಸಿದ್ದರು. ನಡುವಿನ ಬಟ್ಟೆಯಲ್ಲಿ ಕೆಂಪು ದಾರದ ಜೋಡುಹೊಲಿಗೆ.

ಮಾಲಕ ಒಳ್ಳೆಯ ಮನುಷ್ಯ. ಬಳ್ಳಾರಿ ಸ್ಟೇಷನ್ನಿನ ಹತ್ತಿರ ಯಾರೋ ಹಳೆಯ ಪರದೆ ಎಂದು ಕೊಟ್ಟರು, ತೆಗೆದುಕೊಂಡೆ ಎಂದ. "ಇಂಥಾ ಹೊಳಿ ಸೀನು ಯಾವ ನಾಟಕಕ್ಕ ಬರತೈತ್ರಿ? ಅದಕ್ಕ ಬಿಳಿ ಹೊಡಿಸಿ ಬೀದಿ ಮಾಡ್ಸಿದೆ." ಕದ್ದವರು ಯಾರೆಂದು ಕಡೆಗೂ ಗೊತ್ತಾಗಲಿಲ್ಲ. ಅಂಥದೇ ಅಳತೆಯ ಹೊಸ ಬೀದಿ ಪರದೆ ನಾನೇ ಬರೆದುಕೊಡುತ್ತೇನೆ, ಇದನ್ನು ಬಿಡು ಎಂದೆ. ಒಪ್ಪಿದ.

ಬ್ರೂಸ್‌ಪೇಟೆಗೆ ತಂದು ನೆಲದ ಮೇಲೆ ಹಾಸಿದೆ. ಕಡಲು ಮೊದಲ ದಿನವೇ ಸಿಕ್ಕಿತು. ಒಣ ಬ್ರಷ್ಷಿನಿಂದ ಒರೆಸಿದರೆ ಸಾಕು, ಬೀದಿ ಪುಡಿಯಾಗಿ ಉದುರಿ, ಕೆಳಗೆ ನನ್ನ ನೀರು ಮೊನ್ನೆ ಬರೆದಂತೆ ಇತ್ತು. ಮನುಷ್ಯರ ಕಥೆ ಬೇರೆ. ಅವರು ಸರೇಸಿನವರು, ಮೇಲಿನ ಬಿಳಿಯೂ ಸರೇಸಿನದು. ಹೊಡೆಯುವಾಗಲೇ ಎರಡೂ ನೆನೆದು ಒಂದಾಗಿ ಒಣಗಿದ್ದವು. ವಾಂತಿ ಮಾಡಿಕೊಳ್ಳುವವನ ಬೆನ್ನಿನ ಮೇಲೆ ಒದ್ದೆ ಬಟ್ಟೆಯಿಂದ ಪರೀಕ್ಷೆ ಮಾಡಿದೆ. ಮೊದಲು ಬಿಳಿ ಬಂತು. ಅದರ ಹಿಂದೆಯೇ ಅವನ ಕಂದು ನಿಲುವಂಗಿಯೂ ನನ್ನ ಬಟ್ಟೆಗೆ ಬಂತು. ಅವನಿದ್ದ ಜಾಗದಲ್ಲಿ ಬರೀ ಗಂಜಿಯ ಬಟ್ಟೆ ಉಳಿಯಿತು. ಇನ್ನೊಬ್ಬನ ಮೇಲೆ ಚಾಕುವಿನಿಂದ ಒಣಗಿದ್ದನ್ನೇ ಕೆರೆದೆ. ಕಿವಿ ಉಳಿಯಿತು, ಕೆನ್ನೆ ಹೋಯಿತು. ಅಲ್ಲಿಗೆ ಕೈ ನಿಲ್ಲಿಸಿದೆ.

ಫಾದರ್ ಬಂದು ನೋಡಿದರು. ಅವರಿಗೆ ಚಿತ್ರ ಬೇಕಿತ್ತು, ಅದನ್ನು ಮುಚ್ಚಿಡಲಿಲ್ಲ. ಪೂರ್ತಿ ತೊಳೆದರೆ ಕಡಲು ಉಳಿಯುತ್ತದೆ. ದೋಣಿ, ಯೇಸು, ಶಿಷ್ಯರನ್ನು ಹಳೆಯ ಪುಸ್ತಕದ ಹಾಳೆ ನೋಡಿ ಮತ್ತೆ ಬರೆಯಬಹುದು. ನನಗೂ ಅದೇ ಆಸೆ. ಠಾಣೆಯ ಬೆಂಚಿನ ಮೇಲೆ ಕೂತಿದ್ದವನಿಗೆ ಆ ಗೋಡೆ ಮತ್ತೆ ತುಂಬುವುದು ಬೇಕಿತ್ತು. ಹದಿನಾಲ್ಕು ಮಂದಿಯಲ್ಲಿ ಹದಿಮೂರು ಮಂದಿ ವಾಪಸು ಬರುತ್ತಾರೆ. ಒಬ್ಬ ಬರುವುದಿಲ್ಲ. ಫಾದರ್ ಬಾಗಿ ನಿಂತು ದೀಪದ ಕಂಬಗಳನ್ನು ನೋಡುತ್ತ, "ನಾವಿಬ್ಬರೂ ಹೇಳುವ ಹಾಗಿಲ್ಲ. ಅವಳನ್ನು ಕೇಳಿ" ಎಂದರು.

ಪರದೆ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಸಿರುಗುಪ್ಪಕ್ಕೆ ಹೋದೆ. ಅವಳ ಮನೆಯ ಅಂಗಳ ಸಾಲದೆ ಅರ್ಧ ಮಾತ್ರ ಬಿಚ್ಚಿದೆವು. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು ಎಲ್ಲ ಕೇಳಿದಳು. ಎಲ್ಲಿದ್ದಾರೆ ಎಂದಳು. ಚೌಕ ಎಣಿಸಿ, ಎರಡನೇ ಕಂಬದ ಪಕ್ಕದ ಮುಚ್ಚಿದ ಬಾಗಿಲಿನ ಮೇಲೆ ಬೆರಳಿಟ್ಟೆ.

"ತೊಳದ್ರ ಕಾಣ್ತಾರೇನ್ರಿ?"

ಒಂದು ಗಳಿಗೆ ಕಂಡರೂ ಕಾಣಬಹುದು, ಆಮೇಲೆ ಒರೆಸುವ ಬಟ್ಟೆಗೆ ಬಂದುಬಿಡುತ್ತಾರೆ ಎಂದೆ. ತೊಳೆಯದಿದ್ದರೆ ಒಳಗಿರುತ್ತಾರೆ, ಯಾರಿಗೂ ಕಾಣುವುದಿಲ್ಲ.

ಅವಳು ಆ ಬಾಗಿಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಅಂಗೈಯನ್ನು ಅದರ ಮೇಲೆ ಇಟ್ಟಳು, ಒರೆಸಲಿಲ್ಲ, ಇಟ್ಟಳು ಅಷ್ಟೇ. ಹೊಳೆ ಅಲ್ಲಿಂದ ಕೇಳಿಸುತ್ತಿರಲಿಲ್ಲ, ಬೇಸಿಗೆ ಹತ್ತಿರ ಬಂದಿತ್ತು.

"ಬ್ಯಾಡ್ರಿ ಅಣ್ಣಾರ. ಇನ್ನೊಮ್ಮಿ ಅವರನ್ನ ನೀರಿಗಿ ಹಾಕಬ್ಯಾಡ್ರಿ."

ಚರ್ಚಿನ ಗೋಡೆಯ ಮೇಲೆ ಚೌಕಟ್ಟು ಖಾಲಿಯೇ ಉಳಿಯಿತು. ಬೇರೆ ಚಿತ್ರ ಬರೆಯುತ್ತೇನೆ ಎಂದೆ, ಫಾದರ್ ಬೇಡ ಎಂದರು. ಅವರು ಮಂಗಳೂರಿಗೆ ವಾಪಸು ಹೋಗುವ ದಿನವೂ ಅದನ್ನು ತೆಗೆಸಲಿಲ್ಲ. ಪರದೆ ನನ್ನ ಅಂಗಡಿಯ ಮೂಲೆಯಲ್ಲಿ ಗಳಕ್ಕೆ ಸುತ್ತಿಕೊಂಡು ನಿಂತಿದೆ. ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ, ಸಿರುಗುಪ್ಪದ ಬಸ್ಸು ಬರುವ ಹೊತ್ತಿಗೆ ನಾನು ಬೋರ್ಡುಗಳನ್ನು ಸರಿಸಿ ಅದನ್ನು ಇಳಿಬಿಡುತ್ತೇನೆ. ಕೆಳಗೆ ಕಪ್ಪು ನೀರು, ಮೇಲೆ ಜನರಿಲ್ಲದ ಬೀದಿ. ಅವಳು ರೊಟ್ಟಿ, ಮೀನಿನ ಸಾರು ಬಡಿಸಿ, ಎರಡನೇ ಕಂಬದ ಪಕ್ಕದ ಬಾಗಿಲಿಗೆ ಎದುರಾಗಿ ಎಡೆ ಇಡುತ್ತಾಳೆ. ಈಗ ಜಾಗ ಕೇಳುವುದಿಲ್ಲ. ಅವಳು ಏಳುವವರೆಗೆ ನಾನು ಅಂಗಡಿಯ ಹೊರಗೆ ಬಂದು ನಿಲ್ಲುತ್ತೇನೆ.